ಮೋಟಾರಿನ ಕುಲಗೋತ್ರ

2025ರ ಆಗಸ್ಟ 26ರಂದು ಗುಜರಾತದ ಹಂಸಲಪುರದಲ್ಲಿ, ಜಪಾನಿನ ಸುಝುಕಿ ಕಂಪನಿಯ ಕಾರಖಾನೆಯಿಂದ ಹೊರಬಿದ್ದ ವಿದ್ಯುತ್ ಮೋಟಾರಿಗೆ ಹಸಿರು ನಿಶಾನೆ ತೋರಿಸುತ್ತ, ಪ್ರಧಾನಮಂತ್ರಿಗಳು ಸ್ವದೇಶಿಯೆಂಬ ಹಳೆಯ ಶಬ್ದಕ್ಕೆ ಹೊಸದೊಂದು ಅರ್ಥವನ್ನು ಹೇಳಿದರು. ಬಂಡವಲು ಯಾವ ದೇಶದ್ದೇ ಇರಲಿ, ದುಡಿದವರ ಬೆವರು ನಮ್ಮ ಜನರದಾಗಿದ್ದರೆ ಆ ಪದಾರ್ಥವು ಸ್ವದೇಶಿಯೇ ಸರಿ ಎಂಬದು ಅವರ ಮಾತಿನ ತಾತ್ಪರ್ಯವಾಗಿತ್ತು. ಅದಾಗಿ ಒಂದು ತಿಂಗಳು ತುಂಬುವದರೊಳಗೆ, ಸಪ್ಟೆಂಬರ 22ರಿಂದ, ಸಣ್ಣ ಮೋಟಾರುಗಳ ಮೇಲಿನ ತೆರಿಗೆಯು ನೂರಕ್ಕೆ 28ರಿಂದ 18ಕ್ಕೂ, ಟ್ರ್ಯಾಕ್ಟರುಗಳ ಮೇಲಿನದು 12ರಿಂದ 5ಕ್ಕೂ ಇಳಿಯಿತು. ಗಂಗಾವತಿಯ ಭತ್ತದ ಬೆಳೆಗಾರನೂ ಕುಷ್ಟಗಿ-ಯಲಬುರ್ಗಾಗಳ ಬೆದ್ದಲು ಭೂಮಿಯ ಒಕ್ಕಲಿಗನೂ ಗಾಡಿಯ ಅಂಗಡಿಯ ಮೆಟ್ಟಿಲನ್ನು ಹತ್ತಲು ಇದಕ್ಕಿಂತ ಒಳ್ಳೆಯ ಕಾಲವು ಬೇರೊಂದಿಲ್ಲ. ಹೀಗೆ ಹತ್ತಿದವನು ಗಾಡಿಯ ಕುಲಗೋತ್ರವನ್ನು ಕೇಳಬೇಕೇ, ಬೇಡವೇ? ಈ ಪ್ರಶ್ನೆಯನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ.

ಗಾಡಿಯ ಮೂತಿಯ ಮೇಲಿನ ಬಿಲ್ಲೆಯನ್ನು ನೋಡಿ ಕುಲವನ್ನು ನಿರ್ಣಯಿಸುವ ಕಾಲವು ಹೋಯಿತೆಂಬದನ್ನು ಮೊದಲು ಒಪ್ಪಿಕೊಳ್ಳಬೇಕು. ಇಂಗ್ಲಂಡದ ಅಭಿಮಾನದ ಜಾಗ್ವಾರ್ 2008ರಿಂದ ನಮ್ಮ ಟಾಟಾ ಮನೆತನದ ಸೊತ್ತು. ಇಂಗ್ಲಂಡದ್ದೇ ಆದ ಎಂಜಿ ಎಂಬ ಹೆಸರು ಚೀನದ ಸರಕಾರೀ ಕಂಪನಿಯ ಕೈಸೇರಿತು. ಆ ಹೆಸರಿನ ಗಾಡಿಗಳು ಗುಜರಾತದ ಹಾಲೋಲಿನಲ್ಲಿ ತಯಾರಾಗುತ್ತವೆ. ಅದರಲ್ಲೀಗ ಪಾಲುಗಾರರಾಗಿರುವವರು ನಮ್ಮ ನೆರೆಯ ತೋರಣಗಲ್ಲಿನಲ್ಲಿ ಉಕ್ಕಿನ ಮಹಾ ಕಾರಖಾನೆಯನ್ನು ನಡೆಸುವ ಜೆಎಸ್‌ಡಬ್ಲ್ಯೂ ಸಮೂಹದವರು. 2025ರ ಜುಲೈಯಲ್ಲಿ ಮುಂಬಯಿಯಲ್ಲಿ ಅಂಗಡಿ ತೆರೆದ ಅಮೇರಿಕೆಯ ಟೆಸ್ಲಾ ಕಂಪನಿಯು ಮಾರಲು ತಂದ ಗಾಡಿಗಳು ಹುಟ್ಟಿದ್ದು ಚೀನದ ಶಾಂಘಾಯಿಯಲ್ಲಿ. ಹೊಲದ ಗಾಡಿಗಳ ಕಥೆಯೂ ಇದೇ. ಎಸ್ಕಾರ್ಟ್ಸ್ ಎಂಬ ನಮ್ಮವರ ಹಳೆಯ ಕಂಪನಿಯ ಮೇಲಿನ ಹಿಡಿತವು 2022ರಲ್ಲಿ ಜಪಾನಿನ ಕುಬೋಟಾದವರಿಗೆ ಹೋಯಿತು. ಇಂಥ ಸಂಕರದಲ್ಲಿ ಯಾವದನ್ನು ನಮ್ಮದೆನ್ನೋಣ, ಯಾವದನ್ನು ಪರರದೆನ್ನೋಣ?

ಆದುದರಿಂದ ಕುಲವನ್ನು ಕೇಳುವದೇ ಬೇಡ, ಬೆಲೆಯನ್ನೂ ಎಣ್ಣೆಯ ಖರ್ಚನ್ನೂ ನೋಡಿ ಕೊಂಡರಾಯಿತು ಎಂದು ಹೇಳುವವರು ಬಹು ಜನರಿದ್ದಾರೆ. ಅವರ ಮಾತನ್ನು ನಾವು ಹಗುರಾಗಿ ಕಾಣುವದಿಲ್ಲ. ಹೊಲವನ್ನು ಬ್ಯಾಂಕಿಗೆ ಬರೆದುಕೊಟ್ಟು ಟ್ರ್ಯಾಕ್ಟರು ತರುವ ಒಕ್ಕಲಿಗನಿಗೆ ದೇಶಾಭಿಮಾನದ ಸಲುವಾಗಿ ಐವತ್ತು ಸಾವಿರ ಹೆಚ್ಚು ಕೊಡು ಎಂದು, ಕುರ್ಚಿಯಲ್ಲಿ ಕುಳಿತು ಉಪದೇಶಿಸುವ ಅಧಿಕಾರವು ಯಾರಿಗೂ ಇಲ್ಲ, ನಮಗಂತೂ ಇಲ್ಲ. ಆದರೆ ಇದೇ ಒಕ್ಕಲಿಗನು ಅಂಗಡಿಯಲ್ಲಿ ಮೊಟ್ಟಮೊದಲು ಕೇಳುವ ಪ್ರಶ್ನೆ ಯಾವದು? "ಸಾಮಾನು ಕೆಟ್ಟರೆ ಇಲ್ಲೇ ಸಿಗತೈತೇನು?" ಇದು ಮೂಲದ ಪ್ರಶ್ನೆಯಲ್ಲದೆ ಮತ್ತೇನು? ಬಿತ್ತುವ ಹದದಲ್ಲಿ ಗಾಡಿ ನಿಂತರೆ ಹದವು ಎರಡು ದಿನ ಕಾಯುವದಿಲ್ಲವೆಂಬದು ಅವನಿಗೆ ಗೊತ್ತು. 2025ರ ಎಪ್ರಿಲದಲ್ಲಿ ಚೀನ ದೇಶವು ವಿರಳ ಲೋಹಗಳ ಅಯಸ್ಕಾಂತಗಳ ರಫ್ತಿಗೆ ಕಟ್ಟು ಹಾಕಿದಾಗ ನಮ್ಮ ದೇಶದ ಮೋಟಾರು ಕಾರಖಾನೆಗಳ ಒಡೆಯರು ಗಾಬರಿಗೊಂಡು ದಿಲ್ಲಿಯ ಬಾಗಿಲು ಬಡಿದರಷ್ಟೆ. ಕುಷ್ಟಗಿಯ ಒಕ್ಕಲಿಗನು ಮೊದಲೇ ಕೇಳಿದ ಪ್ರಶ್ನೆಯನ್ನು ಅವರು ಆಗ ಕೇಳತೊಡಗಿದರು, ಇಷ್ಟೇ ವ್ಯತ್ಯಾಸ.

ಪರದೇಶೀ ಪದಾರ್ಥವೆಂದರೇನೆಂಬದು ಈ ಪ್ರಾಂತದ ಜನರಿಗೆ ಹೊಸತಾಗಿ ಕಲಿಸಬೇಕಾದ ಪಾಠವಲ್ಲ. ನಿಜಾಮರ ಆಳಿಕೆಯಲ್ಲಿ ಗದಗಿನಿಂದ ಕೊಪ್ಪಳಕ್ಕೆ ಬರುವ ಸರಕು ಕರೋಡಗಿರಿಯ ಕಟ್ಟೆಯಲ್ಲಿ ನಿಂತು ಸುಂಕ ತೆತ್ತು ಬರಬೇಕಾಗಿತ್ತು. ಗಡಿ ದಾಟಿದೊಡನೆ ನಾಣ್ಯವೂ ಬೇರೆ. ಒಂದೇ ನುಡಿಯ, ಒಂದೇ ನಂಟಿನ ಜನರ ಸರಕು ಪರರಾಜ್ಯದ ಸರಕೆನಿಸಿತ್ತು. ಆ ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳೇ ಮೊದಲಾದವರು ಶಿಬಿರ ಹೂಡಿ ಹೋರಾಡಿದರು. 1948ರ ಸಪ್ಟೆಂಬರದಲ್ಲಿ ನಿಜಾಮರ ಆಳಿಕೆಯು ಕೊನೆಗೊಂಡಿತು. ಯಾವ ಗಡಿಯನ್ನು ಯಾರು, ಯಾರ ಹಿತಕ್ಕಾಗಿ ಎಳೆದರೆಂಬದನ್ನು ನೋಡದೆ ಸರಕಿನ ಜಾತಿಯನ್ನು ಹೇಳಲಾಗದೆಂಬದನ್ನು ಇಲ್ಲಿಯ ಹಿರಿಯರು ಅನುಭವದಿಂದಲೇ ಕಂಡುಕೊಂಡಿದ್ದರು.

ಮೋಟಾರಿನ ವಿಷಯದಲ್ಲಿಯೂ ಇತಿಹಾಸವು ಎರಡು ಬಗೆಯಾಗಿ ಮಾತನಾಡುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ ಅಮೇರಿಕೆಗಳನ್ನು ಸುತ್ತಿ ಬಂದು ಭಾರತದಲ್ಲಿಯೇ ಮೋಟಾರು ಕಾರಖಾನೆಯನ್ನು ಕಟ್ಟುವ ಯೋಜನೆಯನ್ನು ಸಿದ್ಧಪಡಿಸಿದರು. ವಾಲಚಂದ ಹಿರಾಚಂದರು ಅದಕ್ಕೆ ಕೈಗೂಡಿಸಿದರು. ಆದರೆ ಮಹಾಯುದ್ಧದ ಆ ಕಾಲದಲ್ಲಿಯೂ ಇದನ್ನು ಯುದ್ಧಕ್ಕೆ ಬೇಕಾದ ಉದ್ಯೋಗವೆಂದು ಮಾನ್ಯಮಾಡಲು ಬ್ರಿಟಿಷ ಸರಕಾರವು ಒಪ್ಪಲಿಲ್ಲ. ಗಾಡಿ ನಮ್ಮ ನೆಲದಲ್ಲಿ ಹುಟ್ಟಬಾರದೆಂದು ಪರರಿಗೆ ಅಷ್ಟು ಕಾಳಜಿಯಿದ್ದ ಮೇಲೆ, ಹುಟ್ಟಿನ ಮಾತು ಬರಿಯ ಭಾವನೆಯ ಮಾತೆಂದು ಹೇಳುವದು ಹೇಗೆ?

ಇನ್ನೊಂದು ಮಗ್ಗುಲನ್ನೂ ಮುಚ್ಚಿಡತಕ್ಕದ್ದಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪರದೇಶದ ಗಾಡಿಗಳಿಗೆ ಬಾಗಿಲು ಮುಚ್ಚಿ, ಇಂಗ್ಲಂಡದ ಮೋರಿಸ್ ಗಾಡಿಯ ಅಚ್ಚಿನಲ್ಲಿಯೇ ಮಾಡಿದ ಅಂಬ್ಯಾಸಡರನ್ನು ಹೆಚ್ಚು ಬದಲಿಲ್ಲದೆ 2014ರ ವರೆಗೂ ಮಾಡಿದೆವು. ಒಂದು ಕಾಲಕ್ಕೆ ಗಿರಾಕಿಯು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ದೇಶದ ಹೆಸರಿನ ಮರೆಯಲ್ಲಿ ಸೋಮಾರಿತನವೂ ಮಾರಾಟವಾಯಿತು. ಅದೇ ಕಾಲದಲ್ಲಿ ದುರ್ಗಾಪುರದ ಸರಕಾರೀ ಸಂಶೋಧನಾಲಯದ ಎಂಜಿನಿಯರರು ಪರರ ನಕ್ಷೆಯನ್ನು ಎರವಲು ತಾರದೆ ರಚಿಸಿದ ಸ್ವರಾಜ ಟ್ರ್ಯಾಕ್ಟರು 1974ರಿಂದ ಪಂಜಾಬದಲ್ಲಿ ತಯಾರಾಗತೊಡಗಿ, ಇಂದಿಗೂ ನಮ್ಮ ಹೊಲಗಳಲ್ಲಿ ಓಡಾಡುತ್ತಿದೆ. ಮೊದಲನೆಯದರಲ್ಲಿ ಬೆವರು ಮಾತ್ರ ನಮ್ಮದು. ಎರಡನೆಯದರಲ್ಲಿ ಬುದ್ಧಿಯೂ ನಮ್ಮದು. ಪ್ರಧಾನಮಂತ್ರಿಗಳ ವ್ಯಾಖ್ಯೆಯಲ್ಲಿ ಈ ಭೇದವು ಕಾಣುವದಿಲ್ಲ. ಬೆವರೊಂದೇ ಸಾಕೆಂದರೆ ನಾವು ಎಂದೆಂದಿಗೂ ಪರರ ನಕ್ಷೆಗೆ ಬೋಲ್ಟು ಬಿಗಿಯುವವರಾಗಿಯೇ ಉಳಿಯಬೇಕಾದೀತು.

ಕೊಪ್ಪಳದವರಿಗೆ ಈ ವ್ಯಾಖ್ಯೆಯಲ್ಲಿ ಮತ್ತೊಂದು ಕೊರತೆಯು ಕಾಣಬೇಕು. ತುಂಗಭದ್ರೆಯ ಆಣೆಕಟ್ಟಿನ ಸಮೀಪದ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ ಮನೆತನದ ಕಬ್ಬಿಣದ ಕಾರಖಾನೆಯಿದೆ. ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲಿನಿಂದ ನೆಲ ಕೆಡುವದೆಂದು ಅಂಜಿದ ಒಕ್ಕಲಿಗರಿಗೆ ಅದೇ ನೇಗಿಲನ್ನು ಮಾರಿ ಗೆದ್ದ ಲಕ್ಷ್ಮಣರಾಯರ ಮನೆತನವದು. ಇಲ್ಲಿ ಬೀಡುಕಬ್ಬಿಣವೂ, ಟ್ರ್ಯಾಕ್ಟರು ಮೋಟಾರುಗಳ ಎಂಜಿನ್ನಿಗೆ ಬೇಕಾದ ಎರಕದ ಭಾಗಗಳೂ ತಯಾರಾಗುತ್ತವೆ. ಹೊರಗಿನ ಬಿಲ್ಲೆಯು ಯಾವ ದೇಶದ್ದೇ ಇರಲಿ, ಒಳಗಿನ ಎದೆಗೂಡು ಕೊಪ್ಪಳದ್ದಾಗಿರಬಹುದು. ಗಾಡಿ ಕೊಳ್ಳಲು ಹೋದ ಕೊಪ್ಪಳದವನಿಗೆ ಮಾತ್ರ ಅದನ್ನು ಹೇಳುವವರಿಲ್ಲ.

ಇನ್ನು ಹೊಗೆಯ ಮಾತು. ಗಿಣಿಗೇರಿಯ ಸುತ್ತಲಿನ ಹಳ್ಳಿಗಳ ಜನರು ಕಬ್ಬಿಣದ ಕಾರಖಾನೆಗಳ ಹೊಗೆ-ಬೂದಿಗಳ ಬಗೆಗೆ ಅನೇಕ ವರ್ಷಗಳಿಂದ ಮೊರೆಯಿಡುತ್ತಿದ್ದಾರೆ. ಬಲ್ದೋಟಾ ಸಮೂಹದ ಉಕ್ಕಿನ ಕಾರಖಾನೆಯ ವಿಸ್ತರಣವನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಇಡೀ ಕೊಪ್ಪಳವು ಅಂಗಡಿ ಮುಚ್ಚಿ ಬೀದಿಗಿಳಿಯಿತು. ಗವಿಮಠದ ಸ್ವಾಮಿಗಳೂ ಜನರೊಡನೆ ನಡೆದರು. ಉಕ್ಕು ಬೇಡವೆಂದು ಯಾರೂ ಅನ್ನಲಿಲ್ಲ, ಊರಿನ ಮಗ್ಗುಲಲ್ಲಿ ಬೇಡವೆಂದರು. ಆ ಜನರಿಗೆ ಉದ್ಯೋಗವೂ ಬೇಕು, ಉಸಿರೂ ಬೇಕು. ಬೆವರಿನ ಆಧಾರದಿಂದ ಸ್ವದೇಶಿಯನ್ನು ಅಳೆಯುವವರು, ಹೊಗೆಯನ್ನು ಕುಡಿಯುವವರು ಯಾವ ದೇಶದವರೆಂದೂ ಒಂದು ಸಾರೆ ಕೇಳಬೇಡವೇ? ನಮ್ಮ ನೆಲದ ಅದುರು, ನಮ್ಮ ಹೊಳೆಯ ನೀರು, ನಮ್ಮ ಹಳ್ಳಿಗಳ ಗಾಳಿ ಇವೆಲ್ಲವೂ ಗಾಡಿಯ ಬೆಲೆಯಲ್ಲಿ ಸೇರಿದ್ದರೂ ಬೆಲೆಯ ಚೀಟಿಯಲ್ಲಿ ಕಾಣುವದಿಲ್ಲ.

ಆದುದರಿಂದ ಗಾಡಿಯ ಮೂಲವನ್ನು ಗಿರಾಕಿಯು ಕೇಳಲೇಬೇಕೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಆದರೆ ಕೇಳಿದರೆ ಉತ್ತರ ಕೊಡುವವರು ಯಾರು? ಕಿನ್ನಾಳದ ಚಿತ್ತಾರದ ಕಟ್ಟಿಗೆಯ ಬೊಂಬೆಗೆ ಭೌಗೋಳಿಕ ಗುರುತಿನ ದಾಖಲೆಯಿದೆ. ಬೇರೆ ಊರಿನವರು ಆ ಹೆಸರಿನಿಂದ ಮಾರುವಂತಿಲ್ಲ. ಕೈಯಲ್ಲಿ ಹಿಡಿಯುವ ಬೊಂಬೆಗೆ ಊರಿನ ಹೆಸರುಂಟು, ಹತ್ತು ಲಕ್ಷದ ಗಾಡಿಗೆ ಇಲ್ಲ! ಅಮೇರಿಕೆಯು ಈ ವಿಷಯದಲ್ಲಿ 1992ರಲ್ಲಿಯೇ ಕಾಯದೆ ಮಾಡಿದೆ. ಗಾಡಿಯ ಭಾಗಗಳಲ್ಲಿ ನೂರಕ್ಕೆ ಎಷ್ಟು ಪಾಲು ತಮ್ಮ ದೇಶದ್ದು ಮತ್ತು ನೆರೆಯ ಕೆನಡಾದ್ದು, ಗಾಡಿ ಜೋಡಣೆಯಾದದ್ದೆಲ್ಲಿ, ಎಂಜಿನ್ನೂ ಗೇರುಪೆಟ್ಟಿಗೆಯೂ ಯಾವ ದೇಶದವು ಎಂಬದನ್ನೆಲ್ಲ ಬರೆದ ಚೀಟಿಯನ್ನು ಅಲ್ಲಿ ಪ್ರತಿಯೊಂದು ಹೊಸ ಗಾಡಿಗೂ ಅಂಟಿಸಬೇಕು. ಅದನ್ನು ಓದಿಯೂ ಗಿರಾಕಿಯು ಪರದೇಶದ ಗಾಡಿಯನ್ನೇ ಕೊಂಡರೆ ಅದು ಅವನ ಇಚ್ಛೆ. ಅರಿತು ಕೊಳ್ಳುವದು ಬೇರೆ, ಅರಿಯದೆ ಕೊಳ್ಳುವದು ಬೇರೆ.

ಇಂಥ ಲೆಕ್ಕವನ್ನು ಹಾಕುವದು ಅಸಾಧ್ಯವೆಂದು ಕಂಪನಿಗಳು ಹೇಳುವಂತಿಲ್ಲ. ವಿದ್ಯುತ್ ಗಾಡಿಗಳೇ ಮೊದಲಾದ ಹೊಸ ತಂತ್ರದ ಪದಾರ್ಥಗಳಿಗಾಗಿ 2021ರಲ್ಲಿ ಭಾರತ ಸರಕಾರವು 25,938 ಕೋಟಿ ರೂಪಾಯಿಗಳ ಪ್ರೋತ್ಸಾಹಧನವನ್ನು ಸಾರಿತು. ಅದನ್ನು ಪಡೆಯಬೇಕಾದರೆ ಪದಾರ್ಥದ ಮೌಲ್ಯದಲ್ಲಿ ನೂರಕ್ಕೆ 50 ಪಾಲಾದರೂ ದೇಶದೊಳಗೆ ಹುಟ್ಟಿದ್ದೆಂದು ಸಿದ್ಧಪಡಿಸಿ ತೋರಿಸಬೇಕು. ಬೊಕ್ಕಸದ ಹಣ ಪಡೆಯುವಾಗ ಹಾಕಿದ ಲೆಕ್ಕವನ್ನು ಆ ಬೊಕ್ಕಸವನ್ನು ತುಂಬಿದ ಗಿರಾಕಿಗೆ ತೋರಿಸಲು ಅಡ್ಡಿಯೇನು? ಎಲ್ಲ ಮೋಟಾರುಗಳಿಗೂ ಟ್ರ್ಯಾಕ್ಟರುಗಳಿಗೂ ಇಂಥ ಚೀಟಿಯನ್ನು ಕಡ್ಡಾಯ ಮಾಡಬೇಕು. ಗಾಡಿಯ ನಕ್ಷೆಯು ಎಲ್ಲಿಯದೆಂಬದನ್ನೂ ಅದರಲ್ಲಿ ಬರೆಯಿಸಬೇಕು. ಕಬ್ಬಿಣವನ್ನು ಕರಗಿಸುವ ಜಿಲ್ಲೆಯ ಪ್ರತಿನಿಧಿಗಳಾದ ಕೊಪ್ಪಳದ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನು ದಿಲ್ಲಿಯಲ್ಲಿ ಎತ್ತುವದು ಅತ್ಯಂತ ಉಚಿತ.

ಕಾಯದೆಯು ಬರುವ ವರೆಗೂ ಸುಮ್ಮನಿರಬೇಕಾಗಿಲ್ಲ. ಗಂಗಾವತಿಯ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಕೂಡಿದ ವಾರದಲ್ಲಿ ಒಂದೇ ಅಂಗಡಿಗೆ ಬಂದ ಹತ್ತು ಜನ ಗಿರಾಕಿಗಳು "ಇದರ ಎಂಜಿನ್ನಿನ ಎರಕ ಎಲ್ಲಿಯದು?" ಎಂದು ಕೇಳಿದರೆ, ಉತ್ತರ ತಿಳಿಯದ ಅಂಗಡಿಕಾರನು ಹುಬ್ಬಳ್ಳಿಗೆ ಕೇಳುವನು, ಹುಬ್ಬಳ್ಳಿಯವನು ಕಂಪನಿಗೆ ಬರೆಯುವನು.