ನಮ್ಮ ಬೀದಿಯಲ್ಲಿ ಮಾತ್ರ ಬೇಡ!

ಮರೆಗುಳಿ ರೋಗಕ್ಕೆ ತುತ್ತಾದ ಹಿರಿಯರಿಗಾಗಿ ಒಂದು ಆರೈಕೆ ಮನೆ ಬೇಕೇ ಎಂದು ಕೇಳಿದರೆ ಬೇಡ ಎನ್ನುವವರು ಸಿಗುವುದು ಕಷ್ಟ. ಆದರೆ ಅದು ನಿಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲೇ ಬರಲಿದೆ ಎಂದು ಹೇಳಿ ನೋಡಿ. ಉತ್ತರ ಕೂಡಲೇ ಬದಲಾಗುತ್ತದೆ!

ಅಮೆರಿಕದಲ್ಲಿ ಯಾವ ಬಡಾವಣೆಯಲ್ಲಿ ಏನು ಕಟ್ಟಬಹುದು ಎಂಬುದನ್ನು ಹೆಚ್ಚಾಗಿ ಆಯಾ ಊರಿನ ಆಡಳಿತವೇ ನಿರ್ಧರಿಸುತ್ತದೆ. ಜನವಸತಿಯ ನಡುವೆ ಆರೈಕೆ ಮನೆ ತೆರೆಯಲು ಅನೇಕ ಕಡೆ ವಿಶೇಷ ಪರವಾನಗಿ ಪಡೆಯಬೇಕು. ಅರ್ಜಿ ಬಂದಾಗ ನೆರೆಯವರಿಗೆ ನೋಟೀಸು ಹೋಗುತ್ತದೆ, ಬಹಿರಂಗ ಸಭೆ ನಡೆಯುತ್ತದೆ. ಅಲ್ಲಿ ಎದ್ದು ನಿಂತು ಮಾತಾಡುವವರು ರೋಗಿಗಳಲ್ಲ, ಅವರಿಗೆ ಹೆದರುವವರು.

ಈ ಹೆದರಿಕೆ ಒಮ್ಮೆ ಆ ದೇಶದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1980ರಲ್ಲಿ ಟೆಕ್ಸಾಸ್ ರಾಜ್ಯದ ಕ್ಲೆಬರ್ನ್ ಎಂಬ ಊರಿನಲ್ಲಿ ಮಹಿಳೆಯೊಬ್ಬರು ಮನೆಯೊಂದನ್ನು ಖರೀದಿಸಿದರು. ಬೌದ್ಧಿಕ ಬೆಳವಣಿಗೆ ಕುಂಠಿತವಾದ 13 ಮಂದಿ ಸ್ತ್ರೀಪುರುಷರಿಗೆ ಅಲ್ಲಿ ಆಸರೆ ನೀಡುವುದು ಉದ್ದೇಶವಾಗಿತ್ತು. ಆ ಜಾಗದಲ್ಲಿ ಆಸ್ಪತ್ರೆಗಾಗಲಿ ವೃದ್ಧರ ಆರೈಕೆ ಮನೆಗಾಗಲಿ ವಿಶೇಷ ಪರವಾನಗಿ ಬೇಕಿರಲಿಲ್ಲ. ಆದರೆ ಬುದ್ಧಿ ಮಂದವಾದವರ ಮನೆಗೆ ಬೇಕಿತ್ತು! ನಗರಸಭೆ 3-1 ಮತಗಳಿಂದ ಅರ್ಜಿಯನ್ನು ತಿರಸ್ಕರಿಸಿತು. 200 ಅಡಿಯೊಳಗಿನ ಆಸ್ತಿಯವರಲ್ಲಿ ಹೆಚ್ಚಿನವರಿಗೆ ಇಷ್ಟವಿಲ್ಲ, ಎದುರಿನ ಶಾಲೆಯ ಮಕ್ಕಳು ಇವರನ್ನು ಪೀಡಿಸಬಹುದು, ಐನೂರು ವರ್ಷಕ್ಕೊಮ್ಮೆ ಬರಬಹುದಾದ ನೆರೆ ಆ ಜಾಗವನ್ನು ಮುಳುಗಿಸಬಹುದು ಎಂಬೆಲ್ಲ ಕಾರಣಗಳನ್ನು ಕೊಟ್ಟಿತು.

1985ರಲ್ಲಿ ಸುಪ್ರೀಂ ಕೋರ್ಟು ಇವುಗಳನ್ನು ಒಂದೊಂದಾಗಿ ತೂಗಿ ನೋಡಿತು. ನೆರೆ ಬಂದರೆ ವೃದ್ಧರ ಆರೈಕೆ ಮನೆಗೂ ಅಪಾಯವಲ್ಲವೇ? ಅದಕ್ಕಿಲ್ಲದ ಪರವಾನಗಿ ಇದಕ್ಕೇಕೆ? ಈ ನಿರಾಕರಣೆಯ ಹಿಂದಿರುವುದು ವಿವೇಕವಿಲ್ಲದ ಪೂರ್ವಗ್ರಹ ಎಂದು ಅದು ತೀರ್ಪಿತ್ತಿತು. 1988ರಲ್ಲಿ ವಸತಿ ಕಾನೂನಿಗೆ ತಿದ್ದುಪಡಿಯಾಗಿ, ಅಂಗವೈಕಲ್ಯವುಳ್ಳವರಿಗಾಗಿ ಊರಿನ ನಿಯಮಗಳನ್ನು ಸಕಾರಣವಾಗಿ ಸಡಿಲಿಸಬೇಕಾದ ಹೊಣೆ ಸ್ಥಳೀಯ ಆಡಳಿತಗಳ ಮೇಲೆ ಬಿತ್ತು. ಮರೆವಿನಿಂದ ದೈನಂದಿನ ಬದುಕೇ ಕುಸಿದವರಿಗೂ ಈ ರಕ್ಷಣೆಯಿದೆ.

ಹಾಗೆಂದು ನೆರೆಯವರು ಬಾಯಿ ಮುಚ್ಚಿರಬೇಕೇ? ಖಂಡಿತ ಇಲ್ಲ. ಸಂದರ್ಶಕರ ವಾಹನಗಳು ಎಲ್ಲಿ ನಿಲ್ಲುತ್ತವೆ? ಬೆಂಕಿ ಬಿದ್ದರೆ ನಡೆಯಲಾಗದವರನ್ನು ಹೊರತರುವವರು ಯಾರು? ರಾತ್ರಿ ಪಾಳಿಯಲ್ಲಿ ಎಷ್ಟು ಮಂದಿ ಇರುತ್ತಾರೆ? ದಿಕ್ಕು ತಪ್ಪಿ ಅಲೆಯುವುದು ಈ ರೋಗದ ಒಂದು ಲಕ್ಷಣ. ಬಾಗಿಲಿಗೆ, ಅಂಗಳಕ್ಕೆ ಯಾವ ಕಾವಲಿದೆ? ಇವು ನ್ಯಾಯವಾದ ಪ್ರಶ್ನೆಗಳು. ಉತ್ತರಗಳನ್ನು ಷರತ್ತುಗಳಾಗಿ ಪರವಾನಗಿಯಲ್ಲೇ ಬರೆಸಬಹುದು. ಆದರೆ “ಅಂಥವರು ನಮ್ಮ ಬೀದಿಯಲ್ಲಿ ಬೇಡ” ಎಂಬುದು ಪ್ರಶ್ನೆಯಲ್ಲ, ತಿರಸ್ಕಾರ.

ಊರ ಹೊರಗೆ ಕಟ್ಟಿದರಾಗದೇ ಎನ್ನುವವರಿದ್ದಾರೆ. ಐವತ್ತು ವರ್ಷ ಜೊತೆಗಿದ್ದ ವೃದ್ಧ ಪತ್ನಿ ಪ್ರತಿದಿನ ಅಲ್ಲಿಗೆ ಹೋಗುವುದು ಹೇಗೆ? ತನ್ನ ಹೆಸರು ಮರೆತವನಿಗೂ ಆಕೆಯ ಕೈಯ ಸ್ಪರ್ಶ ನೆಮ್ಮದಿ ಕೊಡಬಲ್ಲದು. ಹತ್ತಿರವಿರುವುದೂ ಆರೈಕೆಯ ಒಂದು ಭಾಗವೇ.

ಸಹೋದರಿಯರೇ, ಇದು ದೂರದ ದೇಶದ ಕಥೆಯೆಂದು ಪುಟ ತಿರುವಬೇಡಿ. ಭಾರತದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿಗೆ ಮರೆಗುಳಿ ರೋಗವಿದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಹೆಚ್ಚಿನ ಮನೆಗಳಲ್ಲಿ ಅವರ ಹಗಲು ರಾತ್ರಿಯ ಹೊರೆ ಬೀಳುವುದು ಸೊಸೆ, ಮಗಳು, ಮಡದಿಯ ಮೇಲೆಯೇ. ಆ ಹೊರೆಯನ್ನು ಹಂಚಿಕೊಳ್ಳುವ ಮನೆಯೊಂದು ನಿಮ್ಮ ಬೀದಿಗೆ ಬರುವುದಾದರೆ, ವಿರೋಧದ ಮನವಿಗೆ ಸಹಿ ಕೇಳಲು ಯಾರಾದರೂ ಬಾಗಿಲು ತಟ್ಟಿಯಾರು. ಸಹಿ ಹಾಕುವ ಮುನ್ನ ಅದರಲ್ಲಿರುವುದು ವಾಹನ ನಿಲುಗಡೆಯ ಮಾತೋ, ಮನುಷ್ಯರ ಮೇಲಿನ ಅಸಹ್ಯವೋ ಎಂದು ಓದಿ ನೋಡಿ.