ಕೂಸಿನ ಉಸಿರಿಗೆ ಹುಬ್ಬಳ್ಳಿಯ ಚೀಟಿಯೇ ಮದ್ದೇ?

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ತಾಲೂಕುಗಳ ದುಡಿಯುವವರ ಕೂಸು ಉಸಿರಿಗಾಗಿ ಒದ್ದಾಡುತ್ತಿರುವಾಗ ಅದಕ್ಕೆ ಸಿಗಬೇಕಾದದ್ದು ಆಮ್ಲಜನಕ. 'ದೊಡ್ಡ ಆಸ್ಪತ್ರೆಗೆ ಒಯ್ಯಿರಿ' ಎಂಬ ಚೀಟಿಯಲ್ಲ. ಈ ಮಾತನ್ನು ನಾವು ಸರಕಾರಕ್ಕೂ, ಅದರ ಆರೋಗ್ಯ ಖಾತೆಗೂ ನೇರವಾಗಿ ಹೇಳುತ್ತೇವೆ.

ರೋಗ ಯಾವುದು? ವೈದ್ಯರು ಅದನ್ನು ಬ್ರಾಂಕಿಯೋಲೈಟಿಸ್ ಎನ್ನುತ್ತಾರೆ. ದೊಡ್ಡವರಿಗೆ ಬರೇ ನೆಗಡಿಯಾಗಿ ಹೋಗುವ ಆರ್.ಎಸ್.ವಿ. ಮುಂತಾದ ವೈರಾಣುಗಳು ವರ್ಷ ತುಂಬದ ಕೂಸಿನ ಪುಪ್ಪುಸದೊಳಗಿನ ಅತಿ ಸಣ್ಣ ಗಾಳಿಕೊಳವೆಗಳನ್ನು ಬಾವೇರಿಸಿ, ಲೋಳೆಯಿಂದ ಕಟ್ಟಿಸುತ್ತವೆ. ಕೂಸು ಮೊಲೆ ಬಿಡುತ್ತದೆ, ಪಕ್ಕೆ ಒಳಕ್ಕೆ ಸೆಳೆಯುತ್ತದೆ, ತುಟಿ ನೀಲಿಯಾಗುತ್ತದೆ. ವೈರಾಣುವಿನ ಈ ರೋಗಕ್ಕೆ ಆಂಟಿಬಯೋಟಿಕ್ ಇಂಜೆಕ್ಷನ್ ಮದ್ದಲ್ಲ. ಮೂಗಿನ ಲೋಳೆ ತೆಗೆಯುವುದು, ಹಾಲು-ನೀರು ಕಡಿಮೆಯಾಗದಂತೆ ನೋಡುವುದು, ಆಮ್ಲಜನಕ ಇಳಿದರೆ ಆಮ್ಲಜನಕ ಕೊಡುವುದು: ಚಿಕಿತ್ಸೆ ಇಷ್ಟೇ. ಆದರೆ ಈ 'ಇಷ್ಟು' ರಾತ್ರಿ ಎರಡು ಗಂಟೆಗೂ ಸಿಗಬೇಕು.

ಸಾಧಾರಣ ನಳಿಕೆಯ ಆಮ್ಲಜನಕ ಸಾಲದ ಕೂಸಿಗೆ ಇನ್ನೊಂದು ಸಾಧನವಿದೆ. ಗಾಳಿ ಮತ್ತು ಆಮ್ಲಜನಕವನ್ನು ಬೆರೆಸಿ, ಮೈ ಶಾಖಕ್ಕೆ ಬೆಚ್ಚಗೆ ಮಾಡಿ, ತೇವ ಕೂಡಿಸಿ, ಮೂಗಿನ ಮೂಲಕ ರಭಸದಿಂದ ಹರಿಸುವ ಯಂತ್ರ. ಕೂಸಿನ ತೂಕದ ಪ್ರತಿ ಕಿಲೋಕ್ಕೆ ನಿಮಿಷಕ್ಕೆ 2 ಲೀಟರಿನ ವರೆಗೆ. ಅಂದರೆ 5 ಕಿಲೋ ಕೂಸಿಗೆ ನಿಮಿಷಕ್ಕೆ 10 ಲೀಟರು. ಈ ಹರಿವು ಕೂಸಿನ ಉಸಿರಾಟದ ಶ್ರಮವನ್ನು ಇಳಿಸುತ್ತದೆ. ಗಂಟಲಿಗೆ ಕೊಳವೆ ಇಳಿಸಬೇಕಾಗಿಲ್ಲ.

2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಲೆಕ್ಕ ಕೇಳಿರಿ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 17 ಆಸ್ಪತ್ರೆಗಳಲ್ಲಿ 1,472 ಕೂಸುಗಳಿಗೆ ಈ ಎರಡು ವಿಧಾನಗಳನ್ನು ಹೋಲಿಸಿ ನೋಡಿದರು. ಸಾಧಾರಣ ಆಮ್ಲಜನಕ ಪಡೆದವರಲ್ಲಿ ನೂರಕ್ಕೆ 23 ಕೂಸುಗಳಿಗೆ ಚಿಕಿತ್ಸೆ ಸಾಲದೆ ಹೋಯಿತು. ರಭಸದ ಹರಿವಿನಲ್ಲಿ ಅದು ನೂರಕ್ಕೆ 12 ಮಾತ್ರ. ಸಾಧಾರಣ ಆಮ್ಲಜನಕ ಸಾಲದ 167 ಕೂಸುಗಳಲ್ಲಿ 102 ಕೂಸುಗಳು ಯಂತ್ರಕ್ಕೆ ಹಾಕಿದ ಮೇಲೆ ಸುಧಾರಿಸಿದವು. ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಮಾತ್ರ ಕಡಿಮೆಯಾಗಲಿಲ್ಲ. ಇದರಿಂದ ತಿಳಿಯುವುದೇನು? ನಾಲ್ಕರಲ್ಲಿ ಮೂರು ಕೂಸುಗಳಿಗೆ ಸಾದಾ ನಳಿಕೆಯೇ ಸಾಕು. ಉಳಿದ ಒಂದಕ್ಕೆ ಯಂತ್ರ ಹತ್ತಿರದಲ್ಲಿರಬೇಕು.

ಇಷ್ಟು ಕೇಳಿದ ಕೂಡಲೇ ನಮ್ಮ ಮಂತ್ರಿಮಹೋದಯರು ಒಂದು ಯಂತ್ರ ತರಿಸಿ, ಹಾರ ಹಾಕಿಸಿಕೊಂಡು, ರಿಬ್ಬನ್ನು ಕತ್ತರಿಸಿ ಹೋದಾರು! ಅದೇ ನಮ್ಮ ಭಯ. ಆಫ್ರಿಕದ ಮಲಾವಿಯ ಒಂದು ಜಿಲ್ಲಾಸ್ಪತ್ರೆಯಲ್ಲಿ, ನಿತ್ಯ ವೈದ್ಯರ ಮೇಲ್ವಿಚಾರಣೆಯಿಲ್ಲದ ಕಡೆ, ತೀವ್ರ ನ್ಯುಮೋನಿಯಾದ ಮಕ್ಕಳಿಗೆ ಇದೇ ಜಾತಿಯ ಒತ್ತಡದ ಉಪಕರಣ ಹಾಕಿದರು. ಸಾವು ನೂರಕ್ಕೆ 17; ಸಾದಾ ಆಮ್ಲಜನಕ ಪಡೆದವರಲ್ಲಿ 11. ಆದರೆ ನಮ್ಮ ನೆರೆಯ ಢಾಕಾದಲ್ಲಿ, ತರಬೇತಾದ ವೈದ್ಯರು ಮತ್ತು ದಾದಿಯರು ಹಗಲಿರುಳು ನಿಂತ ಆಸ್ಪತ್ರೆಯಲ್ಲಿ, ಶಾಂಪೂ ಬಾಟಲಿಯ ನೀರಿನಲ್ಲಿ ಗುಳ್ಳೆ ಎಬ್ಬಿಸುವ ಅಗ್ಗದ ಉಪಕರಣದಿಂದ ಸಾವು ನೂರಕ್ಕೆ 4ಕ್ಕೆ ನಿಂತಿತು; ಸಾದಾ ಆಮ್ಲಜನಕದಲ್ಲಿ 15 ಆಗಿತ್ತು. ಬಾಟಲಿ ಬದುಕಿಸಿತು, ಉಪಕರಣ ಬದುಕಿಸಲಿಲ್ಲ, ಏಕೆ? ಒಂದು ಕಡೆ ನೋಡುವ ಕಣ್ಣಿತ್ತು, ಇನ್ನೊಂದು ಕಡೆ ಸಾಕಷ್ಟು ಇರಲಿಲ್ಲ. ದಾದಿಯ ಹುದ್ದೆ ಖಾಲಿ ಇಟ್ಟು ಯಂತ್ರ ಕೊಳ್ಳುವುದು ಎತ್ತಿಲ್ಲದೆ ಚಕ್ಕಡಿ ಕೊಂಡಂತೆ.

ಇನ್ನು ಅಂಗಡಿಯ ಲೆಕ್ಕ. ಒಂದು ದೊಡ್ಡ ಸಿಲಿಂಡರಿನಲ್ಲಿ ಸುಮಾರು 7,000 ಲೀಟರು ಆಮ್ಲಜನಕ. ನಿಮಿಷಕ್ಕೆ 2 ಲೀಟರಿನಂತೆ ಅದು ಎರಡು ದಿನ ಮೀರಿ ಬರುತ್ತದೆ. ಬೆರೆಸದೆ 10 ಲೀಟರಿನಂತೆ ಹರಿಸಿದರೆ ಹನ್ನೆರಡು ತಾಸೂ ಬಾರದು. ಗಾಳಿ ಬೆರೆಸಿದರೆ ಕಡಿಮೆ ಹೋದೀತು, ಆದರೂ ಲೆಕ್ಕ ಇಡುವವರು ಬೇಕೇ ಬೇಕು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ತೀರಿ ಒಂದೇ ದಿನದಲ್ಲಿ 24 ಜನ ಸತ್ತದ್ದನ್ನು ಈ ನಾಡು ಮರೆಯಕೂಡದು.

'ಹುಬ್ಬಳ್ಳಿ ಇದೆಯಲ್ಲ' ಎನ್ನುತ್ತಾರೆ. ಇದೆ. ಹೆದ್ದಾರಿಯ ಮೇಲಿನ ಶಿಗ್ಗಾಂವಿಗೆ ಅದು ಸಮೀಪವೂ ಹೌದು. ಆದರೆ ಜಿಲ್ಲೆಯ ದಕ್ಷಿಣದ ತುದಿಯ ಹಿರೇಕೆರೂರಿನವರು ಮೊದಲು ಹಾವೇರಿ ಮುಟ್ಟಬೇಕು. ಅಲ್ಲಿಂದ ಹುಬ್ಬಳ್ಳಿ ಮತ್ತೆ 70 ಕಿಲೋಮೀಟರು ಮೀರಿ. ನೀಲಿಗಟ್ಟಿದ ಕೂಸು ಅಷ್ಟು ಹೊತ್ತು ಕಾಯುತ್ತದೆಯೇ? ಗಿರಣಿಯ ಹಮಾಲನ ಪಗಾರ ಹೋಗುತ್ತದೆ, ಕಿರಾಣಿ ವ್ಯಾಪಾರಿಯ ಅಂಗಡಿ ಮುಚ್ಚುತ್ತದೆ, ತಾಯಿಯ ಕೊರಳಿನ ಗುಂಡು ಒತ್ತೆ ಬೀಳುತ್ತದೆ. ದಿಕ್ಕು ತೋಚದ ಅಜ್ಜಿ ಹೊಟ್ಟೆಗೆ ಬರೆ ಎಳೆಸಿದರೆ 'ಮೂಢರು' ಎಂದು ಜರೆಯುವ ವಿದ್ಯಾವಂತರೇ, ಬರೆ ತಪ್ಪು, ಒಪ್ಪುತ್ತೇವೆ. ಅವಳ ಊರಿನಲ್ಲಿ ಆ ರಾತ್ರಿ ತೆರೆದಿದ್ದ ಬಾಗಿಲು ಯಾವುದು, ಹೇಳಿರಿ!

ಆದ್ದರಿಂದ ನಮ್ಮ ಬೇಡಿಕೆಗಳು ಇವು. ನಾಲ್ಕೂ ತಾಲೂಕು ಆಸ್ಪತ್ರೆಗಳಲ್ಲಿ ಹಗಲಿರುಳು ಮಕ್ಕಳನ್ನು ನೋಡಬಲ್ಲ ವೈದ್ಯರು ಮತ್ತು ತರಬೇತಾದ ದಾದಿಯರು ಪೂರ್ಣ ಪಗಾರದ ಕಾಯಂ ಹುದ್ದೆಯಲ್ಲಿರಲಿ. ಪ್ರತಿ ಪ್ರಾಥಮಿಕ ಕೇಂದ್ರದಲ್ಲಿ ಕೂಸಿನ ಕಾಲಿಗೆ ಹಚ್ಚುವ ಆಕ್ಸಿಮೀಟರು, ಲೋಳೆ ಎಳೆಯುವ ಉಪಕರಣ, ಸಣ್ಣ ನಳಿಕೆ ಇರಲಿ. ಈ ಕೈಗಳು ಸಿದ್ಧವಾದಲ್ಲಿ ರಭಸದ ಹರಿವಿನ ಯಂತ್ರ ಬರಲಿ. ಕೂಸನ್ನು ಮುಂದಕ್ಕೆ ಕಳಿಸಲೇಬೇಕಾದರೆ ಆಮ್ಲಜನಕ ಹಚ್ಚಿಯೇ, ದಾದಿಯ ಜೊತೆಯಲ್ಲಿಯೇ ಕಳಿಸಲಿ. ಆಸ್ಪತ್ರೆಯ ಬಾಗಿಲಿನ ಹಲಗೆಯ ಮೇಲೆ ಇಂದು ರಾತ್ರಿ ಯಾರು ಪಾಳಿಯಲ್ಲಿದ್ದಾರೆ, ಎಷ್ಟು ಸಿಲಿಂಡರು ತುಂಬಿವೆ ಎಂದು ಬರೆದಿರಲಿ.

ಗೆಳೆಯರೇ, ಆ ಹಲಗೆಯನ್ನು ಓದಲು ಹೋಗೋಣ. ಅದು ಇಲ್ಲದಿದ್ದರೆ ಏಕೆ ಇಲ್ಲವೆಂದು ಕೇಳೋಣ. ಉತ್ತರ ಬರುವವರೆಗೆ ಆ ಬಾಗಿಲು ಬಿಟ್ಟು ಕದಲದಿರೋಣ.