ಬಾಣಂತಿಯ ಕೂದಲು

ಹೆರಿಗೆಯಾದ ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಮೇಲಿರುವುದು ಲೋಕರೂಢಿ. ಅದು ಕಣ್ಣರಳಿಸಿದುದು, ಮಗ್ಗುಲಾದುದು, ನಕ್ಕುದು ಎಲ್ಲವೂ ಮನೆಗೆ ಸುದ್ದಿ. ಹೆತ್ತವಳ ಕಡೆಗೆ ನೋಡುವವರು ವಿರಳ. ನೋಡಿದರೂ ಪಥ್ಯವು ತಪ್ಪಿತೇ ಎಂದು ನೋಡುವರಲ್ಲದೆ, ಅವಳ ಮೈಮನಸ್ಸುಗಳು ಹೇಗಿವೆಯೆಂದು ವಿಚಾರಿಸುವುದು ಕಡಮೆ. ಈ ತಪ್ಪನ್ನು ಮಾಡಿದವರಲ್ಲಿ ನಾವೂ ಸೇರಿದವರಾದುದರಿಂದ, ಈ ತಿಂಗಳ ಪುಟವನ್ನು ಆ ಅನುಭವಕ್ಕೆ ಮೀಸಲಾಗಿಡುತ್ತೇವೆ. ಇದರಿಂದ ವಾಚಕ ಸೋದರಿಯರಿಗೆ ಸಮಾಧಾನವೂ ಅವರ ಮನೆಯ ಹಿರಿಯರಿಗೆ ಸ್ವಲ್ಪ ವಿವೇಕವೂ ಉಂಟಾದರೆ ನಮ್ಮ ಶ್ರಮವು ಸಾರ್ಥಕ.

ನಮ್ಮ ಮಗಳು ಚೊಚ್ಚಲ ಬಾಣಂತನಕ್ಕಾಗಿ ಕೆಂಗೇರಿಯ ತನ್ನ ಮನೆಯಿಂದ ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಳು. ಕೂಸಿಗೆ ನಾಲ್ಕನೆಯ ತಿಂಗಳು ನಡೆಯುತ್ತಿರುವಾಗ, ಒಂದು ಬೆಳಗ್ಗೆ ಕಸದ ಬುಟ್ಟಿಯಲ್ಲಿ ಹಳೆಯ ವೃತ್ತಪತ್ರಿಕೆಯ ಪೊಟ್ಟಣವೊಂದು ನಮ್ಮ ಕಣ್ಣಿಗೆ ಬಿದ್ದಿತು. ಬಿಚ್ಚಿ ನೋಡಲಾಗಿ ಒಳಗೆ ಹಿಡಿ ತುಂಬುವಷ್ಟು ತಲೆಗೂದಲು! ಬಾಚಣಿಗೆಗೆ ಬಂದುದನ್ನು ಯಾರ ಕಣ್ಣಿಗೂ ಬೀಳದಂತೆ ದಿನವೂ ಹೀಗೆ ಸುತ್ತಿ ಎಸೆಯುತ್ತಿದ್ದಳಂತೆ. ಕೇಳಿದುದಕ್ಕೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಏನೂ ಇಲ್ಲಪ್ಪ" ಎಂದು ಒಳಗೆ ಹೋದಳು.

ಮೂವತ್ತು ವರುಷ ಪಾಠ ಹೇಳಿದವರಿಗೆ ಒಂದು ದುರ್ಗುಣವಿರುತ್ತದೆ. ಪ್ರಶ್ನೆಯು ಕಿವಿಗೆ ಬಿದ್ದೊಡನೆಯೇ ಉತ್ತರವು ನಾಲಗೆಯ ಮೇಲಿರಬೇಕು. ನಾವು ಸುಶ್ರುತಸಂಹಿತೆಯನ್ನು ತೆಗೆದೆವು. ಅಲ್ಲಿ ಇಂದ್ರಲುಪ್ತವೆಂಬ ಕೇಶವ್ಯಾಧಿಯ ಹೆಸರು ಕಂಡಿತು. ವೈದ್ಯರಲ್ಲದ ನಾವು ಅಷ್ಟನ್ನೇ ಆಧಾರ ಮಾಡಿಕೊಂಡು ಇದು ಪಿತ್ತಪ್ರಕೋಪವೆಂದು ತೀರ್ಮಾನಿಸಿ, ಅಪ್ಪಣೆಗಳನ್ನು ಹೊರಡಿಸಿದೆವು: ತಲೆಗೆ ನೀರು ಹದಿನೈದು ದಿನಕ್ಕೊಮ್ಮೆ ಮಾತ್ರ, ಉಷ್ಣಪದಾರ್ಥಗಳು ವರ್ಜ್ಯ, ಆಸ್ಪತ್ರೆಯವರು ಕೊಟ್ಟ ಕಬ್ಬಿಣದ ಮಾತ್ರೆಗಳೂ ಉಷ್ಣವಾದುದರಿಂದ ಅವನ್ನು ನಿಲ್ಲಿಸತಕ್ಕದ್ದು. ಆ ಮಾತ್ರೆಗಳಿಂದ ಮಲವು ಕಪ್ಪಾಗುವುದನ್ನು ಕಂಡು ನಮ್ಮ ಮನೆಯವರೂ ಮೊದಲೇ ಸಂಶಯಪಟ್ಟಿದ್ದರು. ಹೀಗೆ ಅಜ್ಞಾನವೂ ಪಾಂಡಿತ್ಯವೂ ಒಂದಾಗಿ ಮಾತ್ರೆಯ ಡಬ್ಬಿಯು ಅಟ್ಟವನ್ನೇರಿತು.

ಕೂದಲು ಉದುರುವುದು ನಿಲ್ಲಲಿಲ್ಲ. ಹದಿನೈದು ದಿನದ ಉದುರು ಒಂದೇ ಸ್ನಾನದಲ್ಲಿ ಕೈಗೆ ಬರತೊಡಗಿದುದರಿಂದ ಅವಳ ಭಯವು ಇಮ್ಮಡಿಯಾಯಿತು. ನೆರೆಯವರು ಕೂಸನ್ನು ನೋಡಲು ಬಂದರೆ ನಿದ್ದೆಯ ನೆಪದಿಂದ ಕೋಣೆಯಲ್ಲೇ ಉಳಿಯುವಳು. ಮಹಡಿಯ ಮೆಟ್ಟಿಲೇರಿದರೆ ಏದುಸಿರು. ಒಂದು ರಾತ್ರಿ ನಾವು ನೀರಿಗೆಂದು ಎದ್ದಾಗ, ದೀಪವಿಲ್ಲದ ಹಜಾರದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಮ್ಮನ್ನು ಕಂಡು, "ಅಪ್ಪಾ, ನನಗೇನೋ ದೊಡ್ಡ ರೋಗ ಬಂದಿದೆ. ನಿಮಗೆಲ್ಲ ಗೊತ್ತು, ನನಗೆ ಮಾತ್ರ ಹೇಳುತ್ತಿಲ್ಲ ಅಲ್ಲವೆ?" ಎಂದಳು. ನಮ್ಮ ಪಾಂಡಿತ್ಯವು ಆ ಕತ್ತಲೆಯಲ್ಲಿ ಯಾವ ಉತ್ತರವನ್ನೂ ಕೊಡಲಿಲ್ಲ.

ಮರುದಿನವೇ ಅವಳನ್ನು ವಿಜಯನಗರದಲ್ಲಿರುವ ಒಬ್ಬ ವೈದ್ಯೆಯ ಬಳಿಗೆ ಕರೆದೊಯ್ದೆವು. ಆಕೆ ನಗುತ್ತಲೇ ತಿಳಿಸಿದುದರ ಸಾರವನ್ನು ಇಲ್ಲಿ ಬರೆಯುತ್ತೇವೆ.

ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದಕ್ಕೂ ಬೆಳೆಯುವ ಕಾಲವೊಂದು, ವಿಶ್ರಮಿಸುವ ಕಾಲವೊಂದು ಉಂಟು. ಬೆಳವಣಿಗೆಯು ಕೆಲವು ವರ್ಷಗಳದು. ವಿಶ್ರಾಂತಿಯು ಸುಮಾರು 3 ತಿಂಗಳಿನದು. ವಿಶ್ರಾಂತಿಯು ಮುಗಿದ ಕೂದಲು ಕಳಚಿ ಬೀಳುವುದು. ಅದೇ ಬುಡದಿಂದ ಹೊಸದು ಮೊಳೆಯುವುದು. ಸಾಮಾನ್ಯ ದಿನಗಳಲ್ಲಿ ನೂರಕ್ಕೆ 85ರಿಂದ 90 ಕೂದಲುಗಳು ಬೆಳೆಯುತ್ತಿರುವುವು. ದಿನಕ್ಕೆ 50ರಿಂದ 100ರವರೆಗೆ ಉದುರುವುದು ಎಲ್ಲರಿಗೂ ಸಹಜ. ಗರ್ಭಿಣಿಯಲ್ಲಾದರೋ, ಈಸ್ಟ್ರೋಜನ್ ಮೊದಲಾದ ಹಾರ್ಮೋನುಗಳು ಹೆಚ್ಚುವುದರಿಂದ ಬೆಳೆಯುವ ಕಾಲವು ನೀಳವಾಗಿ, ಉದುರಬೇಕಾದ ಕೂದಲು ಉದುರದೆ ನಿಲ್ಲುತ್ತದೆ. ಬಸುರಿಯ ಜಡೆಯು ದಟ್ಟವಾಗಿ ಕಾಣಿಸುವುದು ಇದರಿಂದಲೇ. ಹೆರಿಗೆಯಾದೊಡನೆ ಆ ಹಾರ್ಮೋನುಗಳು ಥಟ್ಟನೆ ಇಳಿಯುತ್ತವೆ. ತಡೆದುನಿಂತ ಕೂದಲುಗಳೆಲ್ಲ ಒಟ್ಟಿಗೆ ವಿಶ್ರಾಂತಿಗೆ ಸರಿದು, 2ರಿಂದ 4 ತಿಂಗಳ ಮೇಲೆ ಒಟ್ಟಿಗೆ ಉದುರತೊಡಗುತ್ತವೆ. ಈ ಬಗೆಯ ಉದುರುವಿಕೆಗೆ ಅಮೆರಿಕದ ಚರ್ಮವೈದ್ಯರಾದ ಆಲ್ಬರ್ಟ್ ಕ್ಲಿಗ್ಮನ್ ಎಂಬವರು 1961ರಲ್ಲಿ ಟೆಲೋಜನ್ ಎಫ್ಲುವಿಯಂ ಎಂದು ಹೆಸರಿಟ್ಟರು. ಒಂದೇ ಮಾತಿನಲ್ಲಿ ಹೇಳುವುದಾದರೆ, ಇದು ಒಂಬತ್ತು ತಿಂಗಳು ಬಾಕಿಯಿದ್ದ ಲೆಕ್ಕವು ಒಮ್ಮೆಲೇ ತೀರುವುದಲ್ಲದೆ ಹೊಸ ನಷ್ಟವಲ್ಲ. ಬುಡವು ಕೆಟ್ಟಿರುವುದಿಲ್ಲ. ಬಹುಪಾಲು ತಾಯಂದಿರಿಗೆ 6 ತಿಂಗಳಿನಿಂದ 1 ವರ್ಷದೊಳಗಾಗಿ ಇದು ತಾನಾಗಿಯೇ ಸರಿಹೋಗುತ್ತದೆ.

ನಮ್ಮ ಸಾಲಿನ ಮನೆಯ ವೃದ್ಧೆಯೊಬ್ಬರು, ಕೂಸು ತಾಯಿಯ ಮುಖವನ್ನು ಗುರುತಿಸಿ ನಗತೊಡಗಿದಾಗ ತಾಯಿಯ ಕೂದಲು ಉದುರುವುದೆಂದು ಮೊದಲೇ ಹೇಳಿದ್ದರು. ನಾವು ಅದನ್ನು ಮೂಢನಂಬಿಕೆಯೆಂದು ತಳ್ಳಿದ್ದೆವು. ಕಾರಣವು ಅದಲ್ಲದಿದ್ದರೂ ಕಾಲದ ಲೆಕ್ಕವು ಸರಿಯಾಗಿತ್ತು. ಅದಕ್ಕಿಂತಲೂ ಮುಖ್ಯವಾಗಿ, ಆ ಮಾತಿನಲ್ಲಿ ತಾಯಿಗೆ ಭಯವಿರಲಿಲ್ಲ. ಆಕೆ ನಮಗಿಂತ ಸತ್ಯಕ್ಕೆ ಹತ್ತಿರವಿದ್ದರೆಂದು ಈಗ ಒಪ್ಪಿಕೊಳ್ಳುತ್ತೇವೆ.

ಆದರೆ ವೈದ್ಯೆಯು ಅಷ್ಟಕ್ಕೇ ನಿಲ್ಲಲಿಲ್ಲ. ಮಗಳ ಕಣ್ಣಿನ ರೆಪ್ಪೆಯನ್ನು ಸರಿಸಿ ನೋಡಿ, ರಕ್ತಪರೀಕ್ಷೆ ಮಾಡಿಸಿದರು. ಹೀಮೋಗ್ಲೋಬಿನ್ 12 ಗ್ರಾಂ ಇರಬೇಕಾದ ಕಡೆ 9 ಇದ್ದಿತು. "ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿಲ್ಲವೆ?" ಎಂದು ಕೇಳಿದರು. ಮಗಳು ನಮ್ಮ ಮುಖವನ್ನು ನೋಡಿದಳು. ನಾವು ನೆಲವನ್ನು ನೋಡಿದೆವು. ಕೂದಲು ಹೇಗಿದ್ದರೂ ಉದುರುತ್ತಿತ್ತು. ಆ ಏದುಸಿರು ಮಾತ್ರ ನಾವಾಗಿ ಬೆಳೆಯಿಸಿದುದು.

ಇದು ನಮ್ಮೊಬ್ಬರ ಮನೆಯ ಮಾತಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆಯುಂಟು. 2018ರಲ್ಲಿ ಮೊದಲಾದ ಅನೀಮಿಯಾ ಮುಕ್ತ ಭಾರತ ಯೋಜನೆಯು ಹೆರಿಗೆಯ ತರುವಾಯ 180 ದಿನಗಳ ಕಾಲ, ದಿನಕ್ಕೊಂದರಂತೆ, 60 ಮಿಲಿಗ್ರಾಂ ಕಬ್ಬಿಣವಿರುವ ಮಾತ್ರೆಯನ್ನು ಬಾಣಂತಿಗೆ ವಿಧಿಸಿದೆ. ಮಲವು ಕಪ್ಪಾಗುವುದು ಆ ಮಾತ್ರೆಯ ಸ್ವಭಾವ, ಅದಕ್ಕೆ ಹೆದರತಕ್ಕದ್ದಿಲ್ಲ. ಕಾಫಿ, ಚಹಾ, ಹಾಲುಗಳೊಡನೆ ನುಂಗಿದರೆ ಕಬ್ಬಿಣವು ಮೈಗೆ ಚೆನ್ನಾಗಿ ಹತ್ತದು. ನಿಂಬೆಹಣ್ಣಿನ ಪಾನಕದೊಡನೆ ಒಳ್ಳೆಯದು. ಹೊಟ್ಟೆಗೆ ಒಗ್ಗದಿದ್ದರೆ ವೈದ್ಯರಿಗೆ ತಿಳಿಸಿ ಬದಲಾಯಿಸಿಕೊಳ್ಳಬೇಕೇ ಹೊರತು ಅಟ್ಟಕ್ಕೇರಿಸಬಾರದು. ಬರಿಯ ಮೆಣಸಿನ ಸಾರು-ಅನ್ನದ ಪಥ್ಯದಲ್ಲಿ ತಿಂಗಳುಗಟ್ಟಲೆ ಇಡುವುದೂ ತಪ್ಪು. ಸೊಪ್ಪು, ಬೇಳೆಕಾಳು, ರಾಗಿ, ಹಣ್ಣು, ರೂಢಿಯಿದ್ದವರಿಗೆ ಮೊಟ್ಟೆ ಮಾಂಸ, ಬೇಕಾದಷ್ಟು ನೀರು ಇವೆಲ್ಲ ಹಾಲೂಡುವ ತಾಯಿಗೆ ಅವಶ್ಯ.

ಇನ್ನು ಕೂದಲಿನ ಉಪಚಾರ. ತಲೆಸ್ನಾನದಿಂದ ಕೂದಲು ಹೆಚ್ಚಾಗಿ ಉದುರುವುದಿಲ್ಲ. ಮೊದಲೇ ಸಡಿಲವಾದುದು ನೀರಿನೊಡನೆ ಬರುತ್ತದೆ, ಅಷ್ಟೆ. ಬಿಗಿಯಾದ ಜಡೆ, ಬಿಗಿಯಾದ ತುರುಬುಗಳನ್ನು ಬಿಡಬೇಕು. ಹಲ್ಲು ವಿರಳವಾದ ಬಾಚಣಿಗೆಯು ಲೇಸು. ಕೊಬ್ಬರಿಯೆಣ್ಣೆಯು ಕೂದಲನ್ನು ಮೃದುಗೊಳಿಸುತ್ತದೆ, ಉದುರುವುದನ್ನು ತಡೆಯಲಾರದು. ಹದಿನೈದೇ ದಿನದಲ್ಲಿ ನಿಲ್ಲಿಸುವೆವೆಂಬ ಜಾಹೀರಾತಿನ ತೈಲಗಳಿಗೆ ಹಣ ಸುರಿಯಬೇಡಿ. ಕೂದಲು ಬೆಳೆಯಿಸುವ ಔಷಧಗಳನ್ನು ಹಾಲೂಡುವ ಕಾಲದಲ್ಲಿ ವೈದ್ಯರನ್ನು ಕೇಳದೆ ಉಪಯೋಗಿಸಲೇ ಕೂಡದು.

ಇಲ್ಲಿ ಒಂದು ಮುಖ್ಯವಾದ ಎಚ್ಚರಿಕೆ. ಉದುರಿದ ಕೂದಲೆಳೆಯು ಕೂಸಿನ ಕಾಲುಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡು, ಬಿಗಿದು, ರಕ್ತವು ಹರಿಯದಂತೆ ಮಾಡುವುದುಂಟು. ಕಾಲುಚೀಲದೊಳಗೆ ಇದು ಕಾಣುವುದಿಲ್ಲ. ಕೂಸು ಕಾರಣವಿಲ್ಲದೆ ಒಂದೇಸಮನೆ ಅತ್ತರೆ ಬೆರಳುಗಳನ್ನು ಒಂದೊಂದಾಗಿ ನೋಡಿರಿ. ಎಳೆಯು ಸುಲಭವಾಗಿ ಬಿಡಿಸಿಬಾರದಿದ್ದರೆ ಅಥವಾ ಬೆರಳು ಊದಿ ಬಣ್ಣಗೆಟ್ಟಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳೂ ಉಂಟು. ನಾಣ್ಯದಂತೆ ದುಂಡಗೆ ಬೋಳಾದರೆ, ನೆತ್ತಿಯಲ್ಲಿ ಹುಣ್ಣು ತುರಿಕೆಗಳಿದ್ದರೆ, ವರ್ಷ ಕಳೆದರೂ ನಿಲ್ಲದಿದ್ದರೆ ಅದು ಬೇರೆಯೇ ಕಾರಣದಿಂದಿರಬಹುದು. ಹೆತ್ತ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿಯು ಏರುಪೇರಾಗುತ್ತದೆ. ಎದೆ ಬಡಿತ, ಅತಿ ಆಯಾಸ, ಚಳಿ ತಾಳಲಾರದಿರುವುದು ಇವು ಕಂಡರೆ ಅದರ ಪರೀಕ್ಷೆಯೂ ಆಗಬೇಕು. ಎರಡು ವಾರ ಕಳೆದರೂ ಬಿಡದ ದುಃಖ, ಕೂಸು ಮಲಗಿದರೂ ತನಗೆ ನಿದ್ದೆ ಬಾರದಿರುವುದು, ಬದುಕೇ ಬೇಡವೆಂಬ ಮಾತು ಇವು ಜಂಭವೂ ಅಲ್ಲ, ದೃಷ್ಟಿದೋಷವೂ ಅಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಸರಕಾರದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿಯ ಸಂಖ್ಯೆ 14416. ನಮ್ಮೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗಿರಿಸಿಕೊಂಡು ಉಪಚರಿಸುವ ವಿಭಾಗವೇ ಉಂಟು.

ಇನ್ನೊಂದು ಮಾತನ್ನು ಹೇಳಿ ಮುಗಿಸುತ್ತೇವೆ. ಆ ದಿನಗಳಲ್ಲಿಯೇ ನಮ್ಮ ಮೊಮ್ಮಗಳ ಹಿಂದಲೆಯ ಕೂದಲೂ ಉದುರಿ ಬೋಳಾಗಿತ್ತು. ಎಳೆಗೂಸುಗಳಲ್ಲಿ ಇದು ಸಾಮಾನ್ಯ. ಬಂದವರೆಲ್ಲರೂ ಅದನ್ನು ತಡವಿ, "ಹುಟ್ಟುಗೂದಲು, ಹೋದರೆ ಹೋಗಲಿ, ಇನ್ನೂ ಚೆನ್ನಾಗಿ ಬರುತ್ತದೆ" ಎಂದು ಮುದ್ದಾಡುವರು. ಪಕ್ಕದಲ್ಲಿಯೇ ಕುಳಿತ ತಾಯಿಗಾದರೋ, "ಅಯ್ಯೋ, ಎಂಥ ಜಡೆಯಿತ್ತು, ಏನಾಗಿಹೋಯಿತು!" ಎನ್ನುವರು. ಒಂದೇ ಚಾಪೆಯ ಮೇಲೆ ಇಬ್ಬರಿಗೂ ಕೂದಲು ಉದುರುತ್ತಿದ್ದಿತು. ಅಭಯವು ಮಾತ್ರ ಒಬ್ಬರಿಗೇ ದೊರೆಯಿತು. ಕೂಸಿಗೆ ಹೇಳುವ ಆ ಮಾತನ್ನೇ ತಾಯಿಗೂ ಹೇಳುವುದಕ್ಕೆ ನಮಗೇನು ಖರ್ಚು?

ಮಗಳು ಆರನೆಯ ತಿಂಗಳಲ್ಲಿ ಕೆಂಗೇರಿಗೆ ಹಿಂದಿರುಗಿದಳು. ಮಾತ್ರೆಗಳನ್ನು ತಪ್ಪದೆ ತೆಗೆದುಕೊಂಡು ಏದುಸಿರು ಹೋಯಿತು. ಕೂಸಿನ ವರ್ಷದ ಹುಟ್ಟುಹಬ್ಬಕ್ಕೆ ನಾವು ಹೋದಾಗ, ಅವಳ ಹಣೆಯ ಅಂಚಿನಲ್ಲಿ ಎರಡು ಬೆರಳಗಲದ ಹೊಸ ಕೂದಲು ಬಾಚಣಿಗೆಗೆ ಸಿಕ್ಕದೆ ನೆಟ್ಟಗೆ ನಿಂತಿದ್ದಿತು. ಕೂದಲು ತಿಂಗಳಿಗೆ ಬೆಳೆಯುವುದು ಸುಮಾರು 1 ಸೆಂಟಿಮೀಟರು ಮಾತ್ರ. ಹಳೆಯ ಜಡೆಗೆ ಇನ್ನೂ ಕೆಲವು ವರ್ಷಗಳು ಬೇಕು. ಅವಳು ನಗುತ್ತ, "ನೋಡಪ್ಪ, ಹೇಗೆ ನಿಂತಿದೆ!" ಎಂದು ತಾನಾಗಿಯೇ ತೋರಿಸಿದಳು.

ಸಂಸ್ಕೃತದಲ್ಲಿ ಕೂದಲಿಗೆ ಶಿರೋರುಹವೆಂದು ಒಂದು ಹೆಸರು. ರುಹ್ ಧಾತುವಿಗೆ ಮೊಳೆಯುವುದು, ಬೆಳೆಯುವುದು ಎಂದರ್ಥ. ಎಷ್ಟೋ ವರ್ಷ ಮಕ್ಕಳಿಗೆ ಈ ಪದವನ್ನು ಬಾಯಿಪಾಠ ಮಾಡಿಸಿದ ನಮಗೆ, ಅದರ ಅರ್ಥವು ಅಂದು ಮಗಳ ಹಣೆಯ ಮೇಲೆ ಕಂಡಿತು.